ಶಾಸನದ ಫೋಟೊದಲ್ಲಿ ಒಂದು ಚೌಕ: ‘ಪ’ವೋ ‘ವ’ವೋ?

ನಮ್ಮ ಹುಲಕೋಟಿಯಿಂದ ಗದಗ ದಾಟಿ ಮುಂದೆ ಹೋದರೆ ಲಕ್ಕುಂಡಿ, ಶಾಸನಗಳು ಹೇಳುವ ಲೊಕ್ಕಿಗುಂಡಿ. ಅಲ್ಲಿ ತೆಗೆದ ಒಂದು ಶಾಸನದ ಫೋಟೊ ನನ್ನನ್ನು ಬಹಳ ದಿನ ಕಾಡಿತು. ದಾನಿಯ ಹೆಸರಿನ ಮೊದಲಕ್ಷರ ‘ಪ’ವೋ ‘ವ’ವೋ? ಆ ಕಾಲದ ಲಿಪಿಯಲ್ಲಿ ತಲೆ ತೆರೆದಿದ್ದರೆ ‘ಪ’, ಮುಚ್ಚಿದ್ದರೆ ‘ವ’. ಸರಿಯಾಗಿ ಅದೇ ಜಾಗದಲ್ಲಿ ಒಂದು ಸಣ್ಣ ಗೆರೆ. ಉಳಿಯದೋ, ಬಿರುಕೋ ತಿಳಿಯವಲ್ದು.

ಇಂಥಲ್ಲಿ ಕೆಲವರು ಕಲ್ಲಿಗೆ ಹಿಟ್ಟು, ಸೀಮೆಸುಣ್ಣ ತಿಕ್ಕುತ್ತಾರೆ. ದಯವಿಟ್ಟು ಬ್ಯಾಡ್ರಿ. ಲಕ್ಕುಂಡಿ ಗುಡಿಗಳ ಬಳಪದ ಕಲ್ಲು ಮೊದಲೇ ಮೆತ್ತಗಿನದು. ನಾನು ಆ ತಿಕ್ಕಾಟವನ್ನು ಫೋಟೊದ ಮೇಲೆ, ಪೈಥಾನ್‌ನಲ್ಲಿ ಮಾಡಿದೆ.

ಕಪ್ಪು-ಬಿಳುಪು ಫೋಟೊ ಅಂದರೆ 0ಯಿಂದ 255ರವರೆಗಿನ ಅಂಕಿಗಳ ಕೋಷ್ಟಕ. ಅಕ್ಷರದ ಗುಣಿ 110, ಪಕ್ಕದ ಕಲ್ಲು 125 ಇದ್ದರೆ ಕಣ್ಣಿಗೆ ಎರಡೂ ಒಂದೇ. ಇಡೀ ಚಿತ್ರದ ಕಾಂಟ್ರಾಸ್ಟ್ ಏರಿಸಿದರೆ ಪ್ರಯೋಜನವಿಲ್ಲ; ಒಂದು ಕಡೆ ಬಿಸಿಲು, ಒಂದು ಕಡೆ ನೆರಳು ಇರುತ್ತದೆ. ಬೇಕಾದ ಭಾಗವನ್ನಷ್ಟೇ ಆರಿಸಿ, ಅಲ್ಲಿಯ ಅಂಕಿಗಳನ್ನು ಪೂರ್ತಿ 0–255ಕ್ಕೆ ಹಿಗ್ಗಿಸಬೇಕು.

ಈ ಆರಿಸುವ ಕೆಲಸಕ್ಕೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ರೆಕ್ಟ್ಯಾಂಗಲ್ ಸೆಲೆಕ್ಟರ್’ ಇದೆ. (ಮಿದುಳಿನ ವಿದ್ಯುತ್ ಸಂಕೇತಗಳನ್ನು ನೋಡಲು ಜಾನ್ ಹಂಟರ್ ಕಟ್ಟಿದ ಸಲಕರಣೆ ಇದು, ಈಗ ನಮ್ಮ ಕಲ್ಲುಗಳಿಗೂ ಬಂತು!) ಫೋಟೊ ತೋರಿಸಿ, ಮೌಸ್ ಒತ್ತಿ ಎಳೆದು ಬಿಟ್ಟರೆ, ನೀವು ಮೊದಲೇ ಬರೆದಿಟ್ಟ ಫಂಕ್ಷನ್‌ಗೆ ಚೌಕದ ಎರಡು ಎದುರು ಮೂಲೆಗಳು ಸಿಗುತ್ತವೆ. ಆ ಫಂಕ್ಷನ್ ತುಣುಕನ್ನು ಕತ್ತರಿಸಿ, ಹಿಗ್ಗಿಸಿ, ಪಕ್ಕದ ಚಿತ್ರದಲ್ಲಿ ತೋರಿಸುತ್ತದೆ.

ನಾನು ಎಡವಿದ್ದು ಮೂರು ಕಡೆ. ಸೆಲೆಕ್ಟರ್‌ಗೆ ಒಂದು ಹೆಸರು ಕೊಟ್ಟು ಹಿಡಿದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಪೈಥಾನ್ ಅದನ್ನು ಕಸವೆಂದು ಗುಡಿಸಿಬಿಡುತ್ತದೆ, ಎಷ್ಟು ಎಳೆದರೂ ಚೌಕ ಬರೋದಿಲ್ಲ. ಜುಪಿಟರ್ ನೋಟ್‌ಬುಕ್‌ನ ‘ಇನ್‌ಲೈನ್’ ಚಿತ್ರ ಬರೀ ಪಟ, ಮೌಸ್‌ಗೆ ಓಗೊಡದು, ‘ವಿಜೆಟ್’ಗೆ ಬದಲಿಸಿ. ಮೂರನೆಯದಕ್ಕೆ ಒಂದು ಸಂಜೆ ಹೋಯಿತು: ಮೌಸ್ ಅಡ್ಡ, ಲಂಬ ಎಂದು ಹೇಳುತ್ತದೆ, ಕೋಷ್ಟಕ ಮಾತ್ರ ಸಾಲು ಮೊದಲು, ಕಂಬ ಆಮೇಲೆ ಕೇಳುತ್ತದೆ. ತಿರುವುಮುರುವಾಗಿ ನಾನು ಬೇರೆಲ್ಲೋ ಇದ್ದ ಅಕ್ಷರವನ್ನು ಓದುತ್ತ ಕೂತಿದ್ದೆ. ಮೂಲೆಗಳು ದಶಮಾಂಶದಲ್ಲಿ ಬರುತ್ತವೆ, ಪೂರ್ಣಾಂಕ ಮಾಡಿಕೊಳ್ಳಿ.

ಎಲ್ಲ ಸರಿಯಾದ ಮೇಲೆ ಅಕ್ಷರಕ್ಕೆ ಬಿಗಿಯಾಗಿ ಚೌಕ ಎಳೆದೆ. ತಲೆ ಮುಚ್ಚಿತ್ತು, ಸ್ಪಷ್ಟ ‘ವ’. ಖುಷಿಯಿಂದ ಬರೆದೂ ಇಟ್ಟೆ. ಮರುದಿನ ಸುಮ್ಮನೆ ಚೌಕದ ಅಂಚು ಹಿಡಿದು ಅಗಲ ಮಾಡಿದೆ ನೋಡಿ, ಆ ಗೆರೆ ಅಕ್ಷರದ ಆಚೆಗೂ ಹರಿದು, ಮುಂದಿನ ಅಕ್ಷರವನ್ನು ಸೀಳಿ, ಕೆಳಗಿನ ಸಾಲಿಗೆ ಇಳಿದಿತ್ತು. ಉಳಿಯ ಗೆರೆ ಅಕ್ಷರ ಮುಗಿದಲ್ಲಿ ನಿಲ್ಲುತ್ತದೆ, ಅಗಲವೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಇದು ಬಿರುಕು. ಓದು ‘ಪ’.

ಮೋಸ ಮಾಡಿದ್ದು ನನ್ನ ಚೌಕವೇ. ತುಣುಕು ಸಣ್ಣದಾದಷ್ಟೂ ಹಿಗ್ಗಿಸುವಿಕೆ ಕಲ್ಲಿನ ಒರಟನ್ನೂ ಅಕ್ಷರದಂತೆ ಎತ್ತಿ ತೋರಿಸುತ್ತದೆ. ಹಾಗಾಗಿ ಈಗ ಎರಡೂ ಬದಿಗೆ ಒಂದೊಂದು ಅಕ್ಷರದಷ್ಟು ಕಲ್ಲನ್ನು ಸೇರಿಸಿಯೇ ಎಳೆಯುತ್ತೇನೆ. ಫಂಕ್ಷನ್‌ನಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿದ್ದೇನೆ: ಪ್ರತಿ ಚೌಕದ ನಾಲ್ಕು ಅಂಕಿ, ಫೋಟೊದ ಹೆಸರು, ನನ್ನ ಓದು ಒಂದು ಕಡತಕ್ಕೆ ಬೀಳುತ್ತವೆ. ನನ್ನ ‘ಪ’ ಒಪ್ಪದವರು ಅದೇ ಚೌಕ ಎಳೆದು ನೋಡಬಹುದು, ಬೇಕಾದರೆ ಇನ್ನೂ ಅಗಲವಾಗಿ.