ಕೋಲಿಗೆ ಏಳದ ಗುಳ್ಳೆ

ನಮ್ಮ ಕುಂತೂರು ಕೆರೆಯಂಚಿನ ಕೆಸರಿಗೆ ಕೋಲು ಚುಚ್ಚಿದರೆ ಬುಳುಬುಳು ಗುಳ್ಳೆ ಏಳುತ್ತವೆ. ಹುಡುಗರಾಗಿದ್ದಾಗ ಅದು ಮೀನಿನ ಉಸಿರು ಎಂದೇ ನಂಬಿದ್ದೆವು. ಕಳೆದ ಬೇಸಿಗೆಯಲ್ಲಿ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಹೋದಾಗ ನೀರಿಳಿದ ಹೊತ್ತು ನೋಡಿ ಅದೇ ಆಟ ಆಡಿದೆ. ಮೊಣಕಾಲುದ್ದದ ಕಪ್ಪು ಕೆಸರು, ಸುತ್ತ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಕೋಲು ಇಳಿಸಿ ತಿರುವಿದೆ. ಗುಳ್ಳೆ ಏಳಲಿಲ್ಲ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಬಳಚು ಎಂಬ ಚಿಪ್ಪುಮೀನು ಆಯುತ್ತಿದ್ದ ಅಜ್ಜಿಯೊಬ್ಬರು, "ತಮಾ, ಅಲ್ಲಿ ಕಾಲಿಡಬೇಡ, ಹೂತುಹೋಗ್ತೆ" ಎಂದು ಕೂಗಿದರು. ನಾನು ಮಾತ್ರ ಆ ವಾಸನೆಯ ಗುಂಗಿನಲ್ಲೇ ನಿಂತಿದ್ದೆ.

ಕೋಲಿನಿಂದ ಕೆಸರು ಕಲಕುವುದು ಬರೀ ಹುಡುಗಾಟವಲ್ಲ. 1776ರಲ್ಲಿ ಇಟಲಿಯ ಅಲೆಸಾಂಡ್ರೊ ವೋಲ್ಟಾ ಮ್ಯಾಗಿಯೋರ್ ಸರೋವರದ ಜೌಗಿನಲ್ಲಿ ಮಾಡಿದ್ದೂ ಇದನ್ನೇ. ಎದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದ, ಬೆಂಕಿ ತಾಗಿಸಿದ, ಉರಿಯಿತು. ನಾವು ಇಂದು ಮೀಥೇನ್ ಎನ್ನುವ ಅನಿಲ ಅದು. ಬ್ಯಾಟರಿಯ ವೋಲ್ಟಾ ಎಲ್ಲರಿಗೂ ಗೊತ್ತು; ನನಗೆ ಮಾತ್ರ ಕೆಸರಿನ ವೋಲ್ಟಾನೇ ಹೆಚ್ಚು ಇಷ್ಟ.

ಗಾಳಿಯಾಡದ ಕೆಸರಿನಲ್ಲಿ ಎಲೆ, ಬೇರು ಕೊಳೆಯುವಾಗ ಕೊನೆಯ ಪಾಲು ಸಿಗುವುದು ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ. ಸಿಹಿನೀರಿನ ಕೆರೆಯಲ್ಲಿ ಅವಕ್ಕೆ ಪೈಪೋಟಿ ಕಡಿಮೆ. ಸಮುದ್ರದ ನೀರಿನಲ್ಲಾದರೋ ಲೀಟರಿಗೆ ಎರಡೂವರೆ ಗ್ರಾಂಗೂ ಹೆಚ್ಚು ಸಲ್ಫೇಟ್ ಇರುತ್ತದೆ. ಅದನ್ನು ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯಾಗಳು ಮುಂಚೆಯೇ ಬಂದು ತಟ್ಟೆ ಬಳಿದುಬಿಡುತ್ತವೆ. ಮೊಟ್ಟೆ ವಾಸನೆ ಅವುಗಳದೇ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿಯೇರಿಸುತ್ತದೆ. ಹಾಗಾಗಿ ಆ ನಾತವನ್ನು ನಾನು ಸಂತೋಷದಿಂದ ಮೂಸಿದೆ.

ಆದರೆ ಕಡಲಂಚು ಹಿಡಿದಿಡುವ "ನೀಲಿ ಇಂಗಾಲ" ಎಂದು ಕಾಂಡ್ಲಾ ಕಾಡನ್ನು ಬರೀ ಇಂಗಾಲದ ತಿಜೋರಿಯಂತೆ ವರ್ಣಿಸುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೇರು, ಎಲೆ ಕೆಸರಿನಲ್ಲಿ ಹೂತು ಶತಮಾನಗಟ್ಟಲೆ ಉಳಿಯುವುದು ನಿಜ. ಏಡಿಯನ್ನೂ ನೋಡಬೇಕಲ್ಲ! ಉದುರಿದ ಎಲೆಯನ್ನು ಬಿಲಕ್ಕೆ ಎಳೆದೊಯ್ದು ಹೂಳುವುದೂ ಅದೇ, ಬಿಲ ತೋಡಿ ಗಾಳಿ ನುಗ್ಗಿಸಿ ಹಳೆಯ ಇಂಗಾಲವನ್ನು ಹೊರಗೆ ಬಿಡುವುದೂ ಅದೇ. ಬಳಚು ಚಿಪ್ಪು ಕಟ್ಟುವಾಗಲೂ ನೀರಿಗೆ ಇಂಗಾಲದ ಡೈಆಕ್ಸೈಡ್ ಸೇರುತ್ತದೆ. ಚಿಪ್ಪೆಲ್ಲ ಇಂಗಾಲದ ಉಳಿತಾಯ ಎಂದುಕೊಂಡಿದ್ದ ನನಗೆ ಇದು ದೊಡ್ಡ ಆಶ್ಚರ್ಯ. ಮಳೆಗಾಲದಲ್ಲಿ ಹೊಳೆನೀರು ತುಂಬಿ ಉಪ್ಪು ತೆಳುವಾದಾಗ ಸಲ್ಫೇಟಿನ ಕಾವಲೂ ಸಡಿಲ. ಆಗಲೇ ಇಲ್ಲಿನವರು ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವುದು.

ಶಿರಸಿಯ ಕಡೆ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಹೊಳೆಯ ಸಿಹಿನೀರು, ಕಡಲಿನ ಉಬ್ಬರ ತಮ್ಮ ಪಾಡಿಗೆ ತಾವು ಬೆರೆಯುತ್ತವೆ. 2024ರಲ್ಲಿ ಈ ಅಳಿವೆ ಜಾಗತಿಕ ಮಹತ್ವದ ಜೌಗುನೆಲೆಗಳಾದ ರಾಮ್ಸರ್ ತಾಣಗಳ ಪಟ್ಟಿ ಸೇರಿತು, ಅರ್ಹತೆಯಿಂದಲೇ ಸೇರಿತು.

ಊರಿಗೆ ಮರಳಿದ ಮಾರನೇ ದಿನ ಕೆರೆಗೆ ಹೋಗಿ ಮತ್ತೆ ಕೋಲು ಇಳಿಸಿದೆ. ಬುಳುಬುಳು ಎಂದಿತು. ಇಲ್ಲಿ ಕಾವಲಿಗೆ ಕಡಲಿನ ಉಪ್ಪಿಲ್ಲ. ಕೊಳೆಯಲು ಹಾಕಿದಷ್ಟೂ ಮೀಥೇನಿಗೆ ಮೇವು. ಕುಂತೂರಿನವರೇ, ಕೊಳ್ಳೇಗಾಲ ಸೀಮೆಯ ಕೆರೆಬದಿಯವರೇ, ಚರಂಡಿ ನೀರನ್ನೂ ಕಸವನ್ನೂ ಕೆರೆಗೆ ಬಿಡಬೇಡಿ.