ರೇಜರ್ ಹಾಕಿದ್ರೆ ಗಡ್ಡ ಬರುತ್ತಾ?

"ಮುಖಕ್ಕೆ ರೇಜರ್ ಹಾಕ್ಬೇಡ ಕಣೇ, ಗಂಡಸರ ಥರ ಗಡ್ಡ ಬರುತ್ತೆ!" ಚಿಕ್ಕಮ್ಮ ಹೆದರಿಸಿರ್ತಾರೆ, ಅಲ್ವಾ? ಬರಲ್ಲ. ಬ್ಲೇಡು ಕತ್ತರಿಸೋದು ಚರ್ಮದ ಮೇಲಿರೋ ಕೂದಲನ್ನ ಮಾತ್ರ. ಬೇರು ಒಳಗೆ ಹಾಗೇ ಇರುತ್ತೆ. ಮತ್ತೆ ಬರೋವಾಗ ತುದಿ ಮೊಂಡಾಗಿರುತ್ತೆ, ಅದಕ್ಕೇ ಕೈಗೆ ಒರಟು ಅನ್ಸೋದು.

ಒಂದೇ ಬ್ಲೇಡಿನ, ಉದ್ದ ಹಿಡಿಯ ಫೇಸ್ ರೇಜರ್ ತಗೊಳ್ಳಿ. ಕಾಲಿಗೆ ಬಳಸಿದ್ದು ಮುಖಕ್ಕೆ ಬೇಡವೇ ಬೇಡ.

ಮುಖ ತೊಳೆದು ಲೋಳೆಸರದ ಜೆಲ್ ಸವರಿ. ತುಟಿ ಮೇಲಾದ್ರೆ, ಒಳಗಿಂದ ನಾಲಗೆ ಒತ್ತಿ ಚರ್ಮ ಬಿಗಿ ಮಾಡ್ಕೊಳ್ಳಿ. ರೇಜರ್ 45 ಡಿಗ್ರಿ ಓರೆ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಮೆಲ್ಲಗೆ ಎಳೀರಿ. ಮೊಡವೆ ಇರೋ ಜಾಗ ಬಿಟ್ಬಿಡಿ. ಆಮೇಲೆ ಮಾಯಿಶ್ಚರೈಸರ್, ಅಷ್ಟೇ.

ಗದ್ದದಲ್ಲಿ ದಪ್ಪ ಕೂದಲು ಜಾಸ್ತಿಯಾಗಿ, ಮುಟ್ಟೂ ಏರುಪೇರಾಗಿದ್ರೆ ಪಿಸಿಓಎಸ್ ಅನ್ನೋ ಹಾರ್ಮೋನ್ ಸಮಸ್ಯೆ ಇರಬಹುದು. ಡಾಕ್ಟರಿಗೆ ತೋರಿಸಿ.