ಎರಡು ದೇಶ, ಎರಡು ಶಾಲೆ, ಒಂದೇ ಲೆಕ್ಕ

ಬೇರೆ ಬೇರೆ ದೇಶಗಳ ಶಾಲೆಗಳು ಜತೆಗೂಡಿ ಕಲಿಯುವ ಯೋಜನೆಗಳು ಹೊಸವೇನಲ್ಲ. ಶೀತಲ ಸಮರ ಇನ್ನೂ ಮುಗಿಯದಿದ್ದ 1988ರಲ್ಲಿಯೇ ನ್ಯೂಯಾರ್ಕ್ ರಾಜ್ಯ ಹಾಗೂ ಮಾಸ್ಕೋದ ಶಾಲೆಗಳನ್ನು ದೂರಸಂಪರ್ಕದ ಮೂಲಕ ಬೆಸೆದ ಪ್ರಯೋಗವೇ ಮುಂದೆ ‘ಐ-ಅರ್ನ್’ ಜಾಲವಾಗಿ ಬೆಳೆಯಿತು. ಐರೋಪ್ಯ ಒಕ್ಕೂಟವು 2005ರಲ್ಲಿ ‘ಇ-ಟ್ವಿನ್ನಿಂಗ್’ ಆರಂಭಿಸಿತು.

ಇವುಗಳಿಂದ ವಿದ್ಯಾರ್ಥಿಗಳಿಗೆ ದೊರೆಯುವುದೇನು? ಹಲವು ದೇಶಗಳ ಶಾಲೆಗಳು ಕೈಗೊಂಡಿರುವ, ಭೂಮಿಯ ಸುತ್ತಳತೆ ಅಳೆಯುವ ಯೋಜನೆಯನ್ನೇ ನೋಡಬಹುದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಬಳಸಿದ ವಿಧಾನವೇ ಇದಕ್ಕೆ ಆಧಾರ. ಉತ್ತರ-ದಕ್ಷಿಣವಾಗಿ ದೂರವಿರುವ ಎರಡು ಶಾಲೆಗಳ ಮಕ್ಕಳು ಒಂದೇ ದಿನ, ತಂತಮ್ಮ ಊರಿನಲ್ಲಿ ಸೂರ್ಯ ಅತಿ ಎತ್ತರದಲ್ಲಿರುವಾಗ ನೆಟ್ಟ ಕೋಲಿನ ನೆರಳನ್ನು ಅಳೆದು ಬಿಸಿಲಿನ ಕೋನವನ್ನು ಕಂಡುಹಿಡಿಯುತ್ತಾರೆ. ಎರಡು ಕೋನಗಳ ವ್ಯತ್ಯಾಸ 7.2 ಡಿಗ್ರಿ ಬಂದರೆ, ಅದು ವೃತ್ತದ 50ರಲ್ಲಿ ಒಂದು ಭಾಗ. ಉತ್ತರ-ದಕ್ಷಿಣ ಅಂತರ 800 ಕಿ.ಮೀ. ಇದ್ದಲ್ಲಿ ಭೂಮಿಯ ಸುತ್ತಳತೆ 40,000 ಕಿ.ಮೀ. ಎಂದಾಯಿತು.

ಒಂದೇ ಶಾಲೆಯ ಅಳತೆಯಿಂದ ಈ ಲೆಕ್ಕ ಪೂರ್ಣಗೊಳ್ಳದು. ಒಂದೆಡೆ ತಪ್ಪಾದರೆ ಇಬ್ಬರ ಉತ್ತರವೂ ಕೆಡುತ್ತದೆ. ಆದ್ದರಿಂದ ತಾವು ಅಳೆದ ಬಗೆಯನ್ನು ಅಪರಿಚಿತರಿಗೆ ಸ್ಪಷ್ಟವಾಗಿ ವಿವರಿಸುವುದು, ಅವರನ್ನು ಪ್ರಶ್ನಿಸುವುದು, ಅಗತ್ಯವಾದರೆ ಮತ್ತೊಮ್ಮೆ ಅಳೆಯುವುದು ಅನಿವಾರ್ಯವಾಗುತ್ತದೆ. ಶುಭಾಶಯ, ಭಾವಚಿತ್ರಗಳ ವಿನಿಮಯಕ್ಕೇ ಸೀಮಿತವಾದ ಗೆಳೆತನ ಈ ಶಿಸ್ತನ್ನು ಕಲಿಸಲಾರದು.